ಹೊರಟು ಬಂದವನು ಯಾರ ಬಳಿಗೆ ಹೋಗಬೇಕು?

ಆಧಾರ: ಯೋಹಾನನು ಬರೆದ ಸುವಾರ್ತೆ, 6ನೆಯ ಅಧ್ಯಾಯ, 66ರಿಂದ 69ನೆಯ ವಚನಗಳು



ಮೇಲೆ ಸೂಚಿಸಿದ ವಚನಗಳನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಓದು ಬಾರದ ಹಿರಿಯರು ಹತ್ತಿರ ಕೂತು ಕೇಳಲಿ. ಕಪೆರ್ನೌಮಿನ ಸಭಾಮಂದಿರದಲ್ಲಿ ಯೇಸು ಸ್ವಾಮಿಯು ಆಡಿದ ಮಾತು ಅನೇಕರಿಗೆ ಕಠಿಣವೆಂದು ತೋರಿತು. ಅದುವರೆಗೂ ಆತನ ಸಂಗಡ ಹಳ್ಳಿ ಹಳ್ಳಿ ತಿರುಗಿದವರು, ಆತನ ಕೈಯಿಂದ ರೊಟ್ಟಿ ತಿಂದವರು, ಬೆನ್ನು ತಿರುಗಿಸಿ ಹೊರಟುಹೋದರು. ಆಗ ಕರ್ತನು ಏನು ಮಾಡಿದನೆಂಬದನ್ನು ಗಮನಿಸಿರಿ. ಹೋಗುವವರ ದಾರಿಗೆ ಆತನು ಅಡ್ಡ ನಿಲ್ಲಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆಗೆ ತಿರುಗಿ, ಅವರಿಗೂ ಹೋಗುವ ಮನಸ್ಸುಂಟೇ ಎಂದು ವಿಚಾರಿಸಿದನು. ಬಾಗಿಲು ತೆರೆದೇ ಇತ್ತು. ಪೇತ್ರನ ಉತ್ತರವು ನಮ್ಮ ವಿಶ್ವಾಸಪ್ರಮಾಣದಂತೆ ದೊಡ್ಡ ಅರಿಕೆಯಿಂದ ಆರಂಭವಾಗುವದಿಲ್ಲ. ಒಂದು ಪ್ರಶ್ನೆಯಿಂದ ಆರಂಭವಾಗುವದು. ಹೋಗುವದಾದರೆ ಯಾರನ್ನು ಆಶ್ರಯಿಸುವದು ಎಂಬದೇ ಆ ಪ್ರಶ್ನೆ.

ಈ ತಿಂಗಳು ನಾವು ಆಲೋಚಿಸಬೇಕೆಂದಿರುವದು ಈ ಪ್ರಶ್ನೆಯನ್ನು ನಿಜವಾಗಿಯೂ ಕೇಳಿಕೊಳ್ಳುವವರ ವಿಷಯದಲ್ಲಿ. ಹುಟ್ಟಿದ ಅಥವಾ ಮನಸಾರೆ ಸೇರಿದ ಒಂದು ಮತವನ್ನು, ಸುಳ್ಳಾಡಲಾರದೆ, ಬಿಟ್ಟು ಬಂದವರು ಅವರು. ವಿಶೇಷವಾಗಿ ಮೊರ್ಮೊನ್ ಸಭೆಯನ್ನು ಬಿಟ್ಟವರನ್ನು ನೆನಸುತ್ತೇವೆ. ಬೆಳಗೋಡಿನ ಬೆಟ್ಟಗಳಲ್ಲಿ ಕಾಫಿ ಕೊಯ್ದು ಜೀವಿಸುವ ನಮಗೂ ಅಮೆರಿಕದಲ್ಲಿ ಹುಟ್ಟಿದ ಆ ಸಭೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವುಂಟು. ನಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೆಲಸ ಹುಡುಕುತ್ತಾ ಬೆಂಗಳೂರಿಗೆ ಹೋಗುತ್ತಾರೆ. ಪರಸ್ಥಳದಲ್ಲಿ ಒಂಟಿಯಾಗಿರುವವನನ್ನು ಮೊದಲು ನಗುಮುಖದಿಂದ ಮಾತಾಡಿಸುವವರು ಬಿಳೀ ಅಂಗಿ ತೊಟ್ಟು ಇಬ್ಬಿಬ್ಬರಾಗಿ ನಡೆಯುವ ಆ ಸಭೆಯ ಯೌವನಸ್ಥರೇ ಆಗಿರಬಹುದು. ಅವರ ಬೆಂಗಳೂರು ಮಿಶನ್ನು 1993ರಲ್ಲಿ ಸ್ಥಾಪನೆಯಾಯಿತು. 2018ರ ಎಪ್ರಿಲ್ ತಿಂಗಳಲ್ಲಿ ಅವರ ಅಧ್ಯಕ್ಷರು ಬೆಂಗಳೂರಿನಲ್ಲಿ ಒಂದು ದೇವಾಲಯವನ್ನು ಕಟ್ಟಿಸುವೆವೆಂದು ಪ್ರಕಟಿಸಿದರು. 2020ರ ಡಿಸೆಂಬರಿನಲ್ಲಿ ಅದಕ್ಕಾಗಿ ನೆಲ ಅಗೆಯುವ ಆರಾಧನೆ ನಡೆಯಿತು. ಆದದರಿಂದ ಇದು ದೂರದ ಸುದ್ದಿಯಲ್ಲ. ಸೇರುವವರು ಇರುವ ಕಡೆಯಲ್ಲಿ ಹೊರಟು ಬರುವವರೂ ಇರುವರು. ಬಂದವರು ಒಂದು ದಿವಸ ತಮ್ಮ ತಾಯಿಯ ಮನೆಯ ಜಗುಲಿಯ ಮೇಲೆ ಕೂತಿರುವರು.

ಆ ಸಭೆಯವರು ತಮ್ಮನ್ನು ಯೇಸು ಕ್ರಿಸ್ತನ ಕಡೇ ದಿವಸಗಳ ಪರಿಶುದ್ಧರ ಸಭೆಯೆಂದು ಕರೆಯಬೇಕೆಂದು ಅಪೇಕ್ಷಿಸುತ್ತಾರೆ. ಚಿಕ್ಕದಾಗಿ ಹೇಳುವದಕ್ಕೋಸ್ಕರ ಮಾತ್ರ ನಾವು ರೂಢಿಯ ಹೆಸರನ್ನು ಉಪಯೋಗಿಸುತ್ತೇವೆ, ಹೀಯಾಳಿಸುವದಕ್ಕಲ್ಲ. 1805ರಲ್ಲಿ ಹುಟ್ಟಿದ ಯೋಸೇಫ್ ಸ್ಮಿತ್ತನೆಂಬವನು, ದೇವದೂತನು ತೋರಿಸಿದ ಬಂಗಾರದ ತಗಡುಗಳಿಂದ ಭಾಷಾಂತರಿಸಿದೆನೆಂದು ಹೇಳಿ 1830ರಲ್ಲಿ ಮೊರ್ಮೊನನ ಗ್ರಂಥವನ್ನು ಅಚ್ಚು ಹಾಕಿಸಿದನು. ಅದೇ ವರುಷ ಎಪ್ರಿಲ್ 6ರಂದು ಸಭೆಯನ್ನು ಸ್ಥಾಪಿಸಿದನು. 1844ರ ಜೂನ್ 27ರಂದು ಇಲಿನೊಯ್ ಸಂಸ್ಥಾನದ ಕಾರ್ಥೇಜ್ ಊರಿನ ಸೆರೆಮನೆಯಲ್ಲಿದ್ದಾಗ ಜನರ ಗುಂಪೊಂದು ನುಗ್ಗಿ ಅವನನ್ನು ಕೊಂದಿತು. ಅವನ ತರುವಾಯ ಬ್ರಿಗಂ ಯಂಗನು ಜನರನ್ನು ಕರಕೊಂಡು 1847ರಲ್ಲಿ ಯೂಟಾ ಸೀಮೆಯ ಉಪ್ಪಿನ ಸರೋವರದ ಬಳಿಗೆ ಸೇರಿದನು. 1850ರ ದಶಕದಲ್ಲಿಯೇ ಅವರ ಬೋಧಕರು ಕಲ್ಕತ್ತ, ಮುಂಬಯಿ, ಪುಣೆಗಳಿಗೆ ಬಂದಿದ್ದರು. ಹೆಚ್ಚು ಫಲ ಕಾಣದೆ ಹಿಂತಿರುಗಿದರು. ಈಗ ಲೋಕದಲ್ಲೆಲ್ಲಾ ತಮ್ಮವರು 1 ಕೋಟಿ 70 ಲಕ್ಷಕ್ಕೆ ಮಿಕ್ಕಿ ಇದ್ದಾರೆಂದು ಅವರ ಲೆಕ್ಕ.

ನ್ಯಾಯವಾದದ್ದನ್ನು ನ್ಯಾಯವಾಗಿಯೇ ಹೇಳಬೇಕು. ಆ ಸಭೆಯ ಊರ ಸಭಾಪಾಲಕನು ಸಂಬಳ ತೆಗೆದುಕೊಳ್ಳದೆ ಸೇವೆ ಮಾಡುವನು. ಯೌವನಸ್ಥರು ತಮ್ಮ ಆಯುಷ್ಯದ ಎರಡು ವರುಷಗಳನ್ನು ಸಾರುವ ಕೆಲಸಕ್ಕೆ ಕೊಡುವರು. ಕುಡಿತವಿಲ್ಲ, ಹೊಗೇಸೊಪ್ಪಿಲ್ಲ. ವಾರಕ್ಕೊಂದು ಸಾಯಂಕಾಲ ತಂದೆ ತಾಯಿ ಮಕ್ಕಳು ಕೂಡಿ ಕೂತು ಪ್ರಾರ್ಥಿಸುವದನ್ನು ನಿಯಮವಾಗಿ ಇಟ್ಟುಕೊಂಡಿರುವರು. ನಮ್ಮ ಸಭೆಗಳಲ್ಲಿ ಎಷ್ಟು ಮನೆಗಳು ಹೀಗೆ ಮಾಡುತ್ತವೆ? ಕುಡುಕ ಗಂಡನ ಕೈಯಲ್ಲಿ ನವೆದ ಹೆಂಗಸಿಗೆ ಅಂಥ ಮನೆ ಸ್ವರ್ಗವಾಗಿ ಕಂಡರೆ ಆಶ್ಚರ್ಯವೇನು?

ಹಾಗಾದರೆ ಕೆಲವರು ಯಾಕೆ ಬಿಡುತ್ತಾರೆ? ಪಾಪಮಾಡುವ ಆಶೆಯಿಂದ ಬಿಟ್ಟರೆಂದು ಹೇಳುವದು ಸುಲಭ, ಆದರೆ ಬಹು ಜನರ ವಿಷಯದಲ್ಲಿ ಅದು ನಿಜವಲ್ಲ. ಓದಿದ್ದರಿಂದ ಬಿಟ್ಟವರು ಅನೇಕರು. ಒಂದೇ ಉದಾಹರಣೆ ಸಾಕು. 1835ರಲ್ಲಿ ಸ್ಮಿತ್ತನ ಕೈಗೆ ಐಗುಪ್ತದ ಕೆಲವು ಹಳೇ ಸುರುಳಿಗಳು ಬಂದವು. ಅವುಗಳಲ್ಲಿ ಮೂಲಪಿತನಾದ ಅಬ್ರಹಾಮನ ಬರಹ ಉಂಟೆಂದು ಹೇಳಿ ಅವನು ಒಂದು ಗ್ರಂಥವನ್ನು ಪ್ರಕಟಿಸಿದನು. ಅದು ಅವರ ಶಾಸ್ತ್ರಗಳಲ್ಲಿ ಸೇರಿತು. ಆ ಸುರುಳಿಗಳ ತುಂಡುಗಳು ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೊಂದರಿಂದ 1967ರಲ್ಲಿ ಸಭೆಯ ಕೈಗೆ ಬಂದಾಗ, ಐಗುಪ್ತದ ಬರಹವನ್ನು ಬಲ್ಲ ಪಂಡಿತರು ಓದಿ ನೋಡಿದರು. ಸತ್ತವರ ಸಂಗಡ ಸಮಾಧಿಯಲ್ಲಿ ಇಡುವ ಸಾಧಾರಣವಾದ ಬರಹಗಳು ಅವು. ಅಬ್ರಹಾಮನ ಹೆಸರೇ ಇರಲಿಲ್ಲ. ತುಂಡುಗಳಲ್ಲಿರುವ ಅಕ್ಷರಗಳು ಆ ಗ್ರಂಥಕ್ಕೆ ಹೊಂದುವದಿಲ್ಲವೆಂದು 2014ರಲ್ಲಿ ಆ ಸಭೆಯೇ ಒಂದು ಲೇಖನದಲ್ಲಿ ಒಪ್ಪಿಕೊಂಡಿತು; ಗ್ರಂಥವು ದೈವಪ್ರೇರಿತವೆಂಬ ಬೋಧನೆಯನ್ನು ಮಾತ್ರ ಬಿಡಲಿಲ್ಲ. ಸ್ಥಾಪಕನು ಅನೇಕ ಹೆಂಡತಿಯರನ್ನು ಮದುವೆಯಾದನೆಂದೂ ಅವರಲ್ಲಿ ಒಬ್ಬಳಿಗೆ ಹದಿನೈದು ವರುಷ ಇನ್ನೂ ತುಂಬಿರಲಿಲ್ಲವೆಂದೂ ಅದೇ ವರುಷ ಅವರು ಬರೆದು ಪ್ರಕಟಿಸಿದರು. ಆಫ್ರಿಕದ ಮೂಲದ ಗಂಡಸರಿಗೆ ಯಾಜಕಪದವಿಯನ್ನು ಕೊಡದೆ ಇಟ್ಟಿದ್ದ ನಿಯಮವನ್ನು 1978ರಲ್ಲಿ ತೆಗೆದರು. ಮೂವತ್ತು ವರುಷ ಸಣ್ಣ ಸಂದೇಹವೂ ಇಲ್ಲದೆ ಪಾಠಹೇಳಿದವನೊಬ್ಬನು ಇವುಗಳನ್ನು ಒಂದೇ ವಾರದಲ್ಲಿ ಓದಿದರೆ ಅವನ ರಾತ್ರಿಗಳು ಹೇಗಿರುವವೆಂಬದನ್ನು ನೀವೇ ಊಹಿಸಿರಿ.

ಓದಿದವರೆಲ್ಲರೂ ಬಿಡುವದಿಲ್ಲ ಎಂಬದನ್ನೂ ಹೇಳಬೇಕು. ಯೂಟಾ ಸೀಮೆಯಲ್ಲಿ ಹುಟ್ಟಿದ ಫಾನ್ ಬ್ರೋಡಿ ಎಂಬ ಹೆಂಗಸು 1945ರಲ್ಲಿ ಯೋಸೇಫ್ ಸ್ಮಿತ್ತನ ಚರಿತ್ರೆಯನ್ನು ಬರೆದಳು. ಮುಂದೆ ಆ ಸಭೆಗೆ ಅಧ್ಯಕ್ಷನಾದವನು ಆಕೆಯ ದೊಡ್ಡಪ್ಪ. ಆದರೂ 1946ರಲ್ಲಿ ಆಕೆಯನ್ನು ಸಭೆಯಿಂದ ಹೊರಗೆ ಹಾಕಿದರು. ಆಕೆ ಚರಿತ್ರೆ ಬರೆಯುವದರಲ್ಲಿಯೂ ಕಲಿಸುವದರಲ್ಲಿಯೂ ತನ್ನ ಆಯುಷ್ಯವನ್ನು ಕಳೆದಳು. ಅದೇ ಕಾಲದ ವನೀಟಾ ಬ್ರೂಕ್ಸ್ ಎಂಬಾಕೆ, 1857ರಲ್ಲಿ ಆ ಸಭೆಯವರು ಸುಮಾರು 120 ಮಂದಿ ದಾರಿಹೋಕರನ್ನು ಕೊಂದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ 1950ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ಜನರ ಮುನಿಸನ್ನು ತಾಳಿಕೊಂಡು, ಸಾಯುವ ತನಕ ಆ ಸಭೆಯಲ್ಲಿಯೇ ಉಳಿದಳು. ಒಬ್ಬಳು ಹೊರಗೆ, ಒಬ್ಬಳು ಒಳಗೆ. ಇಬ್ಬರೂ ಸುಳ್ಳಿಗೆ ತಲೆಬಾಗಲಿಲ್ಲ. ಇವರಲ್ಲಿ ಯಾರು ಹೆಚ್ಚೆಂದು ತೀರ್ಪುಮಾಡುವ ಕೆಲಸ ನಮ್ಮದಲ್ಲ.

ಈಗ ಬಿಟ್ಟವನ ಸ್ಥಿತಿಗೆ ಬರೋಣ. ಹೊಲದ ಬೇಲಿ ಕಿತ್ತ ಹಾಗೆ ಅವನ ದಿವಸಗಳು ನಾಲ್ಕೂ ಕಡೆಗೆ ತೆರೆದಿರುವವು. ಏನು ಕುಡಿಯಬೇಕು, ಯಾವ ಒಳವಸ್ತ್ರ ತೊಡಬೇಕು, ಆದಿತ್ಯವಾರ ಏನು ಮಾಡಬಾರದು, ಸಂಪಾದನೆಯಲ್ಲಿ ಎಷ್ಟು ಪಾಲು ಕೊಡಬೇಕು, ಯಾರನ್ನು ಎಲ್ಲಿ ಮದುವೆಯಾಗಬೇಕು, ಸತ್ತ ಮೇಲೆ ಏನಾಗುವದು ಎಂಬದೆಲ್ಲಾ ಒಂದು ಕಾಲದಲ್ಲಿ ನಿಶ್ಚಯವಾಗಿತ್ತು. ನಮ್ಮ ಸೀಮೆಯವರಿಗೆ ವಿಚಿತ್ರವಾಗಿ ಕಾಣುವ ಸಂಗತಿಯೊಂದುಂಟು: 1833ರಲ್ಲಿ ಕೊಡಲ್ಪಟ್ಟಿತೆಂದು ಅವರು ಎಣಿಸುವ ಆಜ್ಞೆಯ ಪ್ರಕಾರ ಅವರು ಕಾಫಿಯನ್ನೂ ಚಹಾವನ್ನೂ ಕುಡಿಯುವದಿಲ್ಲ. ಕುಡಿಯುವವನಿಗೆ ದೇವಾಲಯದ ಪ್ರವೇಶಪತ್ರ ಸಿಕ್ಕದು. ಆದದರಿಂದ ಸಭೆ ಬಿಟ್ಟವನಿಗೆ ಒಂದು ಲೋಟ ಕಾಫಿ ಬರೀ ಕಾಫಿಯಲ್ಲ. ಬುದ್ಧಿಯು ಇದರಲ್ಲಿ ತಪ್ಪಿಲ್ಲವೆಂದು ಹೇಳಿದರೂ ಕೈ ನಡುಗುವದು.

ಇವೆಲ್ಲಾ ಚಿಕ್ಕವು. ದೊಡ್ಡದು ಮನೆಯವರ ದುಃಖ. ದೇವಾಲಯದಲ್ಲಿ ಮುದ್ರೆ ಹೊಂದಿದ ಗಂಡ ಹೆಂಡರೂ ಮಕ್ಕಳೂ ಮರಣದ ಆಚೆಗೂ ಒಂದೇ ಕುಟುಂಬವಾಗಿ ಇರುವರೆಂದು ಅವರು ನಂಬುತ್ತಾರೆ. ಹೀಗಿರಲಾಗಿ ಒಬ್ಬ ಮಗನು ಹೊರಟುಹೋದರೆ, ತಾಯಿಗೆ ಅವನು ಈ ಲೋಕದಲ್ಲಿ ದೂರವಾದನೆಂಬ ಸಂಕಟವಲ್ಲ. ನಿತ್ಯತ್ವದ ಪಂಕ್ತಿಯಲ್ಲಿ ಅವನ ಎಲೆ ಖಾಲಿಯಾಗಿರುವದೆಂಬ ಸಂಕಟ. ಆ ತಾಯಿಯ ಅಳುವಿಗೆ ಉತ್ತರ ಹೇಳುವ ಗ್ರಂಥ ಯಾವದೂ ಇಲ್ಲ. ಅವನಿಗೆ ಸತ್ಯ ಸಿಕ್ಕಿರಬಹುದು. ಆದರೆ ತನಗೆ ತಾನು ಯಾರೆಂಬದು ತಿಳಿಯದು. ಬೆಳಿಗ್ಗೆ ಎದ್ದು ಯಾತಕ್ಕೋಸ್ಕರ ಬದುಕಬೇಕೆಂಬದು ತಿಳಿಯದು.

ಪ್ರಿಯರೇ, ಇದನ್ನು ನಾವು ಪರರ ಕಥೆಯಾಗಿ ಕೇಳಬೇಕಾದದ್ದಿಲ್ಲ. ನಮ್ಮ ಅಜ್ಜ ಅಜ್ಜಿಯರು ಹಳೇ ಆರಾಧನೆಯನ್ನು ಬಿಟ್ಟ ವರುಷದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ದೀಪವಿಡುತ್ತಿದ್ದ ಗೋಡೆಯ ಗೂಡು ಬರಿದಾಯಿತು. ಸುಗ್ಗಿಯ ಹಬ್ಬದ ರಾತ್ರಿ ಊರಿನ ಡೋಲಿನ ಶಬ್ದ ಕೇಳುತ್ತಾ ಬಾಗಿಲು ಮುಚ್ಚಿ ಒಳಗೆ ಕೂತ ಮನೆಯವರಿಗೆ, ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯಲಿಲ್ಲ. ಸತ್ಯವನ್ನು ಕಂಡುಕೊಂಡವರಿಗೂ ಆ ರಾತ್ರಿ ಉದ್ದವಾಗಿಯೇ ಇತ್ತು.

ಮೆಣಸಿನ ಬಳ್ಳಿಯನ್ನು ಬೆಳೆಸುವ ನಿಮಗೆ ಇದು ಬೇಗನೆ ತಿಳಿಯುವದು. ಆಷಾಢದ ಗಾಳಿಗೆ ಹಾಲವಾಣದ ಮರ ಬುಡಸಹಿತ ಬಿದ್ದರೆ, ಅದಕ್ಕೆ ಹಬ್ಬಿದ್ದ ಬಳ್ಳಿಯೂ ನೆಲಕ್ಕೆ ಬರುವದು. ಅನುಭವವಿಲ್ಲದ ಆಳು ಅದನ್ನು ಕೂಡಲೇ ಎಳೆದು ಪಕ್ಕದ ಮರಕ್ಕೆ ಬಿಗಿಯಾಗಿ ಕಟ್ಟುವನು. ಎಳೆಯುವಾಗ ಗಿಣ್ಣಿನ ಬೇರುಗಳು ಹರಿದು, ಕಟ್ಟಿದ ಕಡೆಯಲ್ಲಿ ಕಾಂಡ ಕೊಳೆತು, ಬಳ್ಳಿ ಸಾಯುವದು. ಬಲ್ಲವನು ಹಾಗೆ ಮಾಡುವದಿಲ್ಲ. ಬಳ್ಳಿಯ ಚೆನ್ನಾದ ಭಾಗವನ್ನು ನೆರಳಿನಲ್ಲಿ ತೇವದ ಮಣ್ಣಿಗೆ ತಗಲುವಂತೆ ಮಲಗಿಸುವನು. ಗಿಣ್ಣುಗಳು ತಾವಾಗಿಯೇ ಬೇರು ಬಿಡುವವು. ಚಿಗುರು ತಲೆಯೆತ್ತಿದ ತರುವಾಯ, ಬಾಳೆಪಟ್ಟೆಯಿಂದ ಸಡಿಲವಾಗಿ ಮತ್ತೊಂದು ಮರಕ್ಕೆ ಹಬ್ಬಿಸುವನು. ಬಿದ್ದ ಮರದ ಸಂಗಡ ಬಳ್ಳಿಯನ್ನೂ ಕಡಿದು ಒಲೆಗೆ ಹಾಕುವವನು ತೋಟಗಾರನೇ ಅಲ್ಲ.

ಮತ ಬಿಟ್ಟವನಲ್ಲಿ ಆ ಬಳ್ಳಿ ಯಾವದು? ಪ್ರಾರ್ಥನೆಯ ಅಭ್ಯಾಸ, ರೋಗಿಯ ಮನೆಗೆ ಗಂಜಿ ಹೊತ್ತುಕೊಂಡು ಹೋಗುವ ಅಭ್ಯಾಸ, ಮಾತಿಗೆ ತಪ್ಪಬಾರದೆಂಬ ಭಯ, ಮಕ್ಕಳ ಮೇಲಿನ ಪ್ರೀತಿ. ಇವು ಬಂಗಾರದ ತಗಡಿನಿಂದ ಹುಟ್ಟಿದವುಗಳಲ್ಲ. ತಗಡು ಇಲ್ಲವೆಂದು ತಿಳಿದಾಗ ಇವೂ ಸುಳ್ಳಾಗಬೇಕಾದದ್ದಿಲ್ಲ. ಆದರೆ ಎಲ್ಲವೂ ಒಂದೇ ಕಟ್ಟು, ಒಂದನ್ನು ಬಿಟ್ಟರೆ ಎಲ್ಲವೂ ಹೋಯಿತು ಎಂದು ಅವನಿಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಹೀಗಾಗಿ ಅವನು ತನ್ನ ಸ್ವಂತ ಒಳ್ಳೇತನವನ್ನೇ ಸಂದೇಹಿಸುವನು. ಅವನ ಪುನರ್ಜೀವನದ ಮೊದಲನೆಯ ಕೆಲಸ ಈ ಕಟ್ಟನ್ನು ಬಿಚ್ಚುವದೆಂದು ನಮಗೆ ತೋರುವದು: ಇದು ಸುಳ್ಳು, ಇದನ್ನು ಬಿಡುವೆನು, ಇದು ನಿಜ, ಇದು ನನ್ನದು, ಇದನ್ನು ಇಟ್ಟುಕೊಳ್ಳುವೆನು. ಅದಕ್ಕೆ ವರುಷಗಳು ಬೇಕಾದಾವು.

ನಮ್ಮ ಕನ್ನಡ ನಾಡಿನಲ್ಲಿಯೇ ಹೀಗೆ ಮಾಡಿದ ಒಬ್ಬರನ್ನು ನೋಡಿರಿ. ಯೋಸೇಫ್ ಸ್ಮಿತ್ತನು ಸತ್ತ 1844ನೆಯ ವರುಷವೇ, ಜನವರಿ 6ರಂದು, ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾಯರು ಬಾಸೆಲ್ ಮಿಶನಿನ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದರು. ಪ್ರಾಯ ಇಪ್ಪತ್ತು ದಾಟಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಪತ್ನಿ ಅವರೊಡನೆ ಬರಲಿಲ್ಲ. ಗುರುವಾದ ಮೋಗ್ಲಿಂಗ್ ಅಯ್ಯನವರ ಹೆಸರಾದ ಹೆರ್ಮನ್ ಎಂಬದನ್ನು ಅವರು ತೆಗೆದುಕೊಂಡರು. ಆದರೆ ತಂದೆಯ ಮನೆಯ ಗೋತ್ರವಾದ ಕೌಂಡಿನ್ಯವನ್ನು ಬಿಡಲಿಲ್ಲ. ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಲ್ಲಿ ಎರಡು ಮನೆಗಳೂ ಜೊತೆಯಾಗಿ ನಿಂತವು. ಬಾಸೆಲ್ ಪಟ್ಟಣದಲ್ಲಿ ಓದಿ, 1851ರಲ್ಲಿ ಬೋಧಕರಾಗಿ ನೇಮಿಸಲ್ಪಟ್ಟು, ತಿರಿಗಿ ಈ ದೇಶಕ್ಕೆ ಬಂದರು. ಮುಂದೆ ಕೊಡಗಿನಲ್ಲಿ ಭೂಮಿಯಿಲ್ಲದ ಕೂಲಿಯ ಜನರಿಗೋಸ್ಕರ ಆನಂದಪುರವೆಂಬ ಕ್ರೈಸ್ತ ಗ್ರಾಮವನ್ನು ಕಟ್ಟುವದರಲ್ಲಿ ಅವರ ಕೈಯಿತ್ತು. ಹುಟ್ಟಿದ ಕುಲದ ನಿಯಮದ ಪ್ರಕಾರ ಯಾರ ನೆರಳೂ ಬೀಳಬಾರದಾಗಿತ್ತೋ ಅಂಥವರ ಮಧ್ಯದಲ್ಲಿ ಅವರ ಬದುಕಿಗೆ ಅರ್ಥ ದೊರಕಿತು. ಅದು ದೀಕ್ಷಾಸ್ನಾನದ ದಿವಸವೇ ಕೈಗೆ ಸಿಕ್ಕಿದ್ದಲ್ಲ. ನಡುವೆ ಒಂಟಿತನದ ಅನೇಕ ವರುಷಗಳಿದ್ದವು.

ಇದಕ್ಕೆ ಎದುರಾದ ಸಂಗತಿಯೂ ಉಂಟು. 1840ರ ಸುಮಾರಿಗೆ ಕಾಲಜ್ಞಾನದ ಓಲೆಗಳನ್ನು ನಂಬಿದ್ದ ಒಂದು ಪಂಥದವರು ಧಾರವಾಡ ಸೀಮೆಯಲ್ಲಿ ಮಿಶನರಿಗಳ ಬಳಿಗೆ ಬಂದರು. ತಮ್ಮ ಓಲೆಗಳಲ್ಲಿ ಹೇಳಿದ್ದು ಇವರಿಂದಲೇ ನೆರವೇರುವದೆಂದು ಅವರು ಎಣಿಸಿದರು; ಒಂದು ಜನಾಂಗವೇ ಸಭೆಗೆ ಸೇರುವದೆಂದು ಮಿಶನಿನವರು ಹಿಗ್ಗಿದರು. ಬೆಟಗೇರಿಯ ಕಡೆಯಲ್ಲಿ ಮಲಸಮುದ್ರವೆಂಬ ಸ್ಥಳದಲ್ಲಿ ಅವರಿಗೋಸ್ಕರ ವಸತಿಯನ್ನು ಏರ್ಪಡಿಸಿದರು. ನೆನಸಿದ ಹಾಗೆ ಅದು ಬೆಳೆಯಲಿಲ್ಲ. ಬಳ್ಳಿಯು ಬೇರು ಬಿಡುವದಕ್ಕೆ ಮುಂಚೆಯೇ ಬಿಗಿದು ಕಟ್ಟಿದ್ದರೆಂದು ನಮ್ಮ ಎಣಿಕೆ.

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಎಲೀಯನು ಜಾಲೀಗಿಡದ ಕೆಳಗೆ ಕೂತು, ಸಾಕು, ಪ್ರಾಣವನ್ನು ತೆಗೆದುಕೊಂಡುಬಿಡು ಎಂಬಂತೆ ದೇವರಿಗೆ ಮೊರೆಯಿಟ್ಟಾಗ, ದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಟ್ಟನು. ತಿಂದು ಮಲಗಿದವನನ್ನು ಮತ್ತೊಮ್ಮೆ ಎಬ್ಬಿಸಿ, ಮತ್ತೊಮ್ಮೆ ಉಣ್ಣಿಸಿದನು. ನಲವತ್ತು ದಿವಸಗಳ ದಾರಿ ನಡೆದ ತರುವಾಯವೇ ದೇವರು ಅವನನ್ನು ಪ್ರಶ್ನೆ ಕೇಳಿದ್ದು. ಪೌಲನು ಕೂಡಾ ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಕೂಡಲೇ ಯೆರೂಸಲೇಮಿನ ಹಿರಿಯರ ಮುಂದೆ ಹೋಗಿ ನಿಲ್ಲಲಿಲ್ಲ. ಅರಬಸ್ಥಾನಕ್ಕೆ ಹೋದನೆಂದೂ ಮೂರು ವರುಷಗಳ ಮೇಲೆಯೇ ಪೇತ್ರನನ್ನು ಕಾಣಬಂದನೆಂದೂ ಗಲಾತ್ಯದವರಿಗೆ ಬರೆದಿದ್ದಾನೆ. ಅರಬಸ್ಥಾನದಲ್ಲಿ ಏನು ಮಾಡಿದನೆಂಬದನ್ನು ಯಾರೂ ಬರೆದಿಲ್ಲ. ಸಭೆಯ ವರದಿಪುಸ್ತಕದಲ್ಲಿ ಕಾಣಿಸಲಾಗದ ಆ ಕಾಲವು ದೇವರ ದೃಷ್ಟಿಯಲ್ಲಿ ವ್ಯರ್ಥವಾಗಿರಲಿಲ್ಲ.

ಆದದರಿಂದ, ಸತ್ಯವನ್ನು ಕೇಳಿಕೊಂಡು ಮನೆಗೆ ಬಂದ ಮಗನಾಗಲಿ ಮಗಳಾಗಲಿ ನಿಮ್ಮ ಜಗುಲಿಯ ಮೇಲೆ ಕೂತಿದ್ದರೆ, ಬಂದ ಆದಿತ್ಯವಾರವೇ ಸಾಕ್ಷಿ ಹೇಳಿಸುವದಕ್ಕೆ ಎಬ್ಬಿಸಬೇಡಿರಿ. ಬಿಟ್ಟು ಬಂದ ಸಭೆಯನ್ನು ಅವರೆದುರಿಗೆ ಹೀಯಾಳಿಸಬೇಡಿರಿ. ಅಲ್ಲಿ ಅವರ ಸ್ನೇಹಿತರಿದ್ದಾರೆ, ಅವರ ಯೌವನವಿದೆ. ನಾವು ಕ್ರಿಸ್ತನನ್ನು ಬಲ್ಲೆವು, ಆತನ ಬಳಿಯಲ್ಲಿ ಜೀವವುಂಟೆಂಬದನ್ನು ಮರೆಮಾಡೆವು. ಕೇಳಿದ ದಿವಸ ಹೇಳುವೆವು. ಆದರೆ ಒಮ್ಮೆ ಮೋಸಹೋದವನು ಎರಡನೆಯ ಸಾರಿ ನಂಬುವದಕ್ಕೆ ಹೆದರುವದು ದುಷ್ಟತನವಲ್ಲ. ಅವನು ನಮ್ಮ ಗ್ರಂಥವನ್ನೂ ನಮ್ಮ ಸಭೆಯ ಚರಿತ್ರೆಯನ್ನೂ ಅದೇ ಕಣ್ಣಿನಿಂದ ಪರೀಕ್ಷಿಸಬೇಕೆಂದರೆ ಪರೀಕ್ಷಿಸಲಿ. ಸತ್ಯವು ಪರೀಕ್ಷೆಯಿಂದ ಸವೆಯುವದಿಲ್ಲ. ಕೆಲವರು ನಮ್ಮ ಸಭೆಗೆ ಸೇರುವದೇ ಇಲ್ಲ, ಯಾವ ಸಭೆಗೂ ಸೇರುವದಿಲ್ಲ. ಅಂಥವನು ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ, ಅಳುವ ತಾಯಿಗೆ ವಾರ ತಪ್ಪದೆ ಕಾಗದ ಬರೆಯುತ್ತಾ, ಸುಳ್ಳಾಡದೆ ಬದುಕಿದರೆ, ಅವನ ಆಯುಷ್ಯಕ್ಕೆ ಅರ್ಥವಿಲ್ಲವೆಂದು ಹೇಳುವದಕ್ಕೆ ನಮಗೆ ಬಾಯಿ ಬರುವದಿಲ್ಲ. ಹೋದವರ ಬೆನ್ನ ಹಿಂದೆ ಕರ್ತನು ಏನೆಂದನೆಂಬದನ್ನು ಯೋಹಾನನು ಬರೆದಿಲ್ಲವಷ್ಟೇ.

ಅವರಿಗೆ ಕೆಲಸ ಕೊಡಿರಿ. ಪ್ರಾರ್ಥನಾಮಂದಿರದ ಹೆಂಚು ಸರಿಮಾಡುವಾಗ ಏಣಿ ಹಿಡಿಯಲಿ, ಕೊಯಿಲಿನ ಕಾಲದಲ್ಲಿ ಕಣದಲ್ಲಿ ಹಣ್ಣು ಹರವಲಿ, ಕಾಹಿಲೆಯವರನ್ನು ಸಕಲೇಶಪುರದ ಆಸ್ಪತ್ರೆಗೆ ಕರಕೊಂಡು ಹೋಗಲಿ. ಏನು ನಂಬುತ್ತೀ ಎಂದು ಕೇಳದೆ ಹೇಳಬಹುದಾದ ಕೆಲಸಗಳು ಹಳ್ಳಿಯಲ್ಲಿ ಎಷ್ಟೋ ಇವೆ. ಆರಾಧನೆ ಮುಗಿದ ಮೇಲೆ ಕಾಫಿ ಹಂಚುವಾಗ ಅವರ ಕೈ ಲೋಟದ ಬಳಿಯಲ್ಲಿ ತಡೆದು ನಿಂತರೆ ನಗಬೇಡಿರಿ, ಯಾಕೆಂದು ಕೇಳಲೂ ಬೇಡಿರಿ. ಪಕ್ಕದಲ್ಲಿ ಒಂದು ಲೋಟ ಬಿಸಿ ಹಾಲನ್ನೂ ಇಟ್ಟಿರಿ. ಯಾವದು ಬೇಕೋ ಅದನ್ನು ತೆಗೆದುಕೊಳ್ಳಲಿ.